ಹಿಗ್ಗಿದ ಮನೆ: ಮೈಸೂರಿನ ಮೊದಲ ವಿಧಾನಸಭೆ, 1952–57

ಶಾಸನಸಭೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಎರಡು ಪಟ್ಟಿಗಳನ್ನು ಮುಂದಿಟ್ಟುಕೊಳ್ಳುತ್ತಾರೆ. ಯಾವ ಪಕ್ಷಕ್ಕೆ ಎಷ್ಟು ಸ್ಥಾನ ಬಂದಿತು ಎಂಬುದು ಒಂದು. ಯಾವ ಯಾವ ಮಸೂದೆಗಳು ಶಾಸನಗಳಾದುವು ಎಂಬುದು ಇನ್ನೊಂದು. ಇವೆರಡೂ ಬೇಕಾದವೇ. ಆದರೆ ಒಂದು ಸಭೆಯ ಒಳಬಾಳನ್ನು ಇವು ಪೂರ್ತಿಯಾಗಿ ತೋರಿಸಲಾರವು. ನಾನು ಕನ್ನಡ ಸಾಹಿತ್ಯವನ್ನು ಬೋಧಿಸಿ ನಿವೃತ್ತನಾದವನು. ರಾಜ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಮೈಸೂರಿನ ಮೊದಲ ವಿಧಾನಸಭೆಯ ಐದು ವರ್ಷಗಳ ಕಥೆಯನ್ನು ಓದಿದಾಗಲೆಲ್ಲ, ಇದು ಕನ್ನಡವನ್ನು ಓದುವವರೆಲ್ಲರೂ ತಿಳಿದಿರಬೇಕಾದ ಸಂಗತಿ ಎಂದು ನನಗೆ ತೋರಿದೆ. ಸಭೆಯೊಂದು ತನ್ನ ಅವಧಿಯೊಳಗೇ ಎರಡು ಸಲ ಹಿಗ್ಗಿತು. ಹಿಗ್ಗುತ್ತ ಹಿಗ್ಗುತ್ತ ತನ್ನ ಹಳೆಯ ರೂಪವನ್ನೇ ಕಳೆದುಕೊಂಡಿತು. ಆ ಕಳೆದುಕೊಳ್ಳುವಿಕೆಯಿಂದಲೇ ನಮ್ಮ ಇಂದಿನ ನಾಡು ಹುಟ್ಟಿತು.

ಮೈಸೂರಿಗೆ ಪ್ರಾತಿನಿಧಿಕ ಸಭೆಗಳು ಹೊಸವೇನೂ ಅಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಸ್ಥಾಪಿತವಾಯಿತು. ಆದರೆ ವಯಸ್ಕರಾದ ಎಲ್ಲ ಗಂಡಸರೂ ಹೆಂಗಸರೂ ಮತ ನೀಡಿ ಆರಿಸಿದ ಮೊದಲ ಸಭೆ, ಭಾರತದ ಸಂವಿಧಾನ ಜಾರಿಗೆ ಬಂದ ಮೇಲೆ 1952ರಲ್ಲಿ ರಚಿತವಾದದ್ದು. ಚುನಾಯಿತ ಸದಸ್ಯರು 99 ಮಂದಿ, ನಾಮಕರಣಗೊಂಡವರು ಒಬ್ಬರು. ಕ್ಷೇತ್ರಗಳು ಅಷ್ಟೇ ಸಂಖ್ಯೆಯವಲ್ಲ. ಕೆಲವು ಕ್ಷೇತ್ರಗಳಿಂದ ಇಬ್ಬಿಬ್ಬರು ಆಯ್ಕೆಯಾಗುವ ದ್ವಿಸದಸ್ಯ ಪದ್ಧತಿ ಆಗ ಇತ್ತು. 1961ರ ಕೇಂದ್ರ ಶಾಸನದಿಂದ ಅದು ಕೊನೆಗೊಂಡಿತು. 99ರಲ್ಲಿ ಕಾಂಗ್ರೆಸ್ಸಿಗೆ 74 ಸ್ಥಾನಗಳು ಬಂದಿದ್ದುವು. ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ 8, ಸೋಷಲಿಸ್ಟರಿಗೆ 3. ಪಕ್ಷೇತರರು 11 ಮಂದಿ. ಕೆಂಗಲ್ ಹನುಮಂತಯ್ಯನವರು ಆ ವರ್ಷದ ಮಾರ್ಚ್ 30ರಂದು ಮುಖ್ಯಮಂತ್ರಿಗಳಾದರು.

1952ರ ಜೂನ್ 18ರಂದು ಸಭೆಯ ಮೊದಲ ಕಲಾಪ ನಡೆದದ್ದು ವಿಧಾನಸೌಧದಲ್ಲಲ್ಲ, ಅದರ ಎದುರಿಗಿರುವ ಅಠಾರಾ ಕಚೇರಿಯಲ್ಲಿ, ಎಂದರೆ ಇಂದಿನ ಹೈಕೋರ್ಟು ಕಟ್ಟಡದಲ್ಲಿ. ಆ ಮೊದಲ ದಿನವೇ ಸಭಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆ ನಡೆಯಿತು. ಆಡಳಿತ ಪಕ್ಷದ ಎಚ್. ಸಿದ್ಧಯ್ಯನವರ ಎದುರಿಗೆ ನಿಂತವರು ಸೋಷಲಿಸ್ಟ್ ಪಕ್ಷದ ಶಾಂತವೇರಿ ಗೋಪಾಲಗೌಡರು. ಸೋಲು ಖಚಿತವೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ವಿರೋಧ ಪಕ್ಷ ಎಂಬುದು ಸಂಖ್ಯೆಯ ಮಾತಲ್ಲ, ನಿಲುವಿನ ಮಾತು ಎಂಬುದನ್ನು ಆ ಸ್ಪರ್ಧೆ ಸಭೆಯ ಮೊದಲ ದಿನವೇ ನೆನಪಿಗೆ ತಂದಿತು.

ಗೋಪಾಲಗೌಡರು ಆಗ ಮೂವತ್ತರ ಒಳಗಿನ ತರುಣರು. ಅದಕ್ಕೆ ಒಂದು ವರ್ಷ ಮುಂಚೆ, 1951ರಲ್ಲಿ, ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಅಳತೆಯಿಂದ ಮೊದಲಾದ ಜಗಳ ಅದು. ಭೂಮಾಲೀಕರ ಕೊಳಗ ದೊಡ್ಡದು, ರೈತನ ಹೊಟ್ಟೆ ಚಿಕ್ಕದೇ? ಇಷ್ಟು ಸರಳವಾದ ಪ್ರಶ್ನೆ ಆ ಹೋರಾಟದ ಮೂಲಕ ಶಾಸನಸಭೆಯ ಬಾಗಿಲಿಗೆ ಬಂದಿತು. ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯನ್ನು ಓದಿದವರಿಗೆ ಗೋಪಾಲಗೌಡರ ಬದುಕಿನ ಛಾಯೆ ಪರಿಚಿತವೇ ಆಗಿದೆ.

ಆ ಸಭೆಯ ಮೊದಲ ದೊಡ್ಡ ವಿಷಯ ಭೂಮಿ. ರಾಜಸತ್ತೆಯ ನೆರಳಿನಿಂದ ಆಗ ತಾನೇ ಹೊರಬಂದಿದ್ದ ನಾಡಿನಲ್ಲಿ ಇನಾಂದಾರರು, ಜೋಡಿದಾರರು ಸರ್ಕಾರಕ್ಕೂ ರೈತನಿಗೂ ನಡುವೆ ನಿಂತಿದ್ದರು. 1952ರಲ್ಲಿ ಮೈಸೂರು ಗೇಣಿ ಶಾಸನ ಬಂದಿತು. 1954 ಮತ್ತು 1955ರ ಶಾಸನಗಳು ಇನಾಂಗಳನ್ನು ರದ್ದುಗೊಳಿಸಿದುವು. ಮೊದಲು ವ್ಯಕ್ತಿಗತ ಇನಾಂಗಳು, ಅನಂತರ ದೇವಸ್ಥಾನಗಳಿಗೂ ಧರ್ಮಸಂಸ್ಥೆಗಳಿಗೂ ಸೇರಿದವು. ಈ ಕೆಲಸದಲ್ಲಿ ಕಡಿದಾಳ್ ಮಂಜಪ್ಪನವರ ಪಾತ್ರ ಹಿರಿದು. ಉಳುವವನೇ ಹೊಲದೊಡೆಯನಾಗಬೇಕು ಎನ್ನುತ್ತಿದ್ದವರಿಗೆ ಇಷ್ಟು ಸಾಲದಾಗಿತ್ತು. ಅವರ ಅತೃಪ್ತಿ ನಿರಾಧಾರವಾದದ್ದಲ್ಲ ಎಂಬುದನ್ನು 1961ರ ಭೂಸುಧಾರಣಾ ಶಾಸನವೂ 1974ರ ಅದರ ತಿದ್ದುಪಡಿಯೂ ಮುಂದೆ ತೋರಿಸಿದುವು. ಇಷ್ಟಾದರೂ ದಾರಿಯ ಮೊದಲ ಹೆಜ್ಜೆಗಳು ಈ ಸಭೆಯವೇ.

ಭೂಮಿಯ ಪ್ರಶ್ನೆಗಿಂತಲೂ ಹೆಚ್ಚಾಗಿ ಸಭೆಯನ್ನು ಅಲುಗಾಡಿಸಿದ್ದು ನಾಡಿನ ಪ್ರಶ್ನೆ. ಪ್ರತ್ಯೇಕ ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೈಗೊಂಡ ಪೊಟ್ಟಿ ಶ್ರೀರಾಮುಲು ಅವರು 1952ರ ಡಿಸೆಂಬರಿನಲ್ಲಿ ತೀರಿಕೊಂಡರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾಯಿತು. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯನ್ನು ಆಗ ಒಡೆಯಬೇಕಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಹೊಸಪೇಟೆ, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ತಾಲ್ಲೂಕುಗಳು ಮೈಸೂರಿಗೆ ಬಂದುವು. ವಿವಾದಕ್ಕೊಳಗಾಗಿದ್ದ ಬಳ್ಳಾರಿ ತಾಲ್ಲೂಕು ನ್ಯಾಯಮೂರ್ತಿ ಮಿಶ್ರಾ ಅವರ ವರದಿಯನ್ನು ಅನುಸರಿಸಿ ಮೈಸೂರಿನಲ್ಲಿ ಸೇರಿತು. ಆ ಸಂಭ್ರಮಕ್ಕೆ ರಕ್ತದ ಕಲೆಯೂ ಇದೆ: ಬಳ್ಳಾರಿಯಲ್ಲಿ ಏಕೀಕರಣಕ್ಕಾಗಿ ದುಡಿದ ರಂಜಾನ್ ಸಾಬ್ ಎಂಬ ಸಾಮಾನ್ಯ ಮನುಷ್ಯ ಆಸಿಡ್ ದಾಳಿಗೆ ಬಲಿಯಾದರು.

ಬಳ್ಳಾರಿಯ ಜೊತೆಯಲ್ಲಿ ಐವರು ಸದಸ್ಯರು ಮೈಸೂರಿನ ವಿಧಾನಸಭೆಗೆ ಬಂದರು. 99 ಇದ್ದದ್ದು 104 ಆಯಿತು. ಸಂಖ್ಯೆಯಲ್ಲಿ ಇದು ಅಲ್ಪವೇ. ಆದರೆ ಅವರೊಂದಿಗೆ ತುಂಗಭದ್ರೆಯ ನೀರಿನ ಪ್ರಶ್ನೆ ಬಂದಿತು, ಮದರಾಸಿನ ಕಾನೂನುಗಳು ಬಂದುವು. ಮುಖ್ಯವಾಗಿ, ಮೈಸೂರಿನ ಆಚೆಗೂ ಕನ್ನಡಿಗರಿದ್ದಾರೆ ಎಂಬುದು ಇನ್ನು ಮೇಲೆ ಕವಿಗಳ ಮಾತಾಗಿ ಉಳಿಯಲಿಲ್ಲ. ಸಭೆಯ ಬೆಂಚಿನ ಮೇಲೆ ಕುಳಿತು ಪ್ರಶ್ನೆ ಕೇಳುವ ಐದು ಮಂದಿಯಾಗಿ ಎದುರಿಗೆ ಬಂದಿತು.

ಅದೇ 1953ರಲ್ಲಿ ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತರು, ಹುಬ್ಬಳ್ಳಿಯಲ್ಲಿ ಗಲಭೆಗಳಾದುವು. ಆ ವರ್ಷದ ಕೊನೆಯಲ್ಲಿ ಕೇಂದ್ರ ಸರ್ಕಾರ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. 1955ರ ಸೆಪ್ಟೆಂಬರ್ 30ರಂದು ಬಂದ ಅದರ ವರದಿ ಕನ್ನಡಿಗರ ರಾಜ್ಯವೊಂದನ್ನು ಶಿಫಾರಸು ಮಾಡಿತು. ಅದಕ್ಕೆ ‘ಕರ್ನಾಟಕ’ ಎಂಬ ಹೆಸರನ್ನೂ ಸೂಚಿಸಿತು. ಆದರೆ ತುಂಗಭದ್ರಾ ಯೋಜನೆಯ ದೃಷ್ಟಿಯಿಂದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕೆಂದೂ ಹೇಳಿತು. ಬಂದು ಎರಡೇ ವರ್ಷವಾಗಿದ್ದ ಮಕ್ಕಳನ್ನು ಮತ್ತೆ ಕಳುಹಿಸಿಕೊಡಿ ಎಂದಂತಾಯಿತು. ಈ ಭಾಗವನ್ನು ಕೇಂದ್ರ ಕೊನೆಗೆ ಕೈಬಿಟ್ಟಿತು.

ಈಗ ಮೈಸೂರಿನ ಸಭೆ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಎದುರಾಯಿತು. ವಿಶಾಲ ರಾಜ್ಯ ಬೇಕೇ? ಉತ್ತರ ಕನ್ನಡನಾಡಿನಲ್ಲಿ ಈ ಪ್ರಶ್ನೆಗೆ ಎರಡನೆಯ ಉತ್ತರವಿರಲಿಲ್ಲ. ಆಲೂರು ವೆಂಕಟರಾಯರಿಂದ ಮೊದಲಾಗಿ ಎರಡು ಮೂರು ತಲೆಮಾರುಗಳು ಅಲ್ಲಿ ಅದಕ್ಕಾಗಿಯೇ ಬದುಕನ್ನು ಸವೆಸಿದ್ದುವು. ಹಳೆಯ ಮೈಸೂರಿನಲ್ಲಿ ಹಾಗಿರಲಿಲ್ಲ. ಕನ್ನಂಬಾಡಿಯ ನೀರು, ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, ತನ್ನದೇ ವಿಶ್ವವಿದ್ಯಾನಿಲಯ, ತನ್ನದೇ ಆಡಳಿತದ ಶಿಸ್ತು ಇವೆಲ್ಲ ಇದ್ದ ಸಂಸ್ಥಾನ ಅದು. ಹಿಂದುಳಿದ ಜಿಲ್ಲೆಗಳನ್ನು ಸೇರಿಸಿಕೊಂಡರೆ ನಮ್ಮ ಬೊಕ್ಕಸ ಬರಿದಾಗುತ್ತದೆ ಎಂಬ ಆತಂಕವನ್ನು ಸಭೆಯಲ್ಲಿಯೂ ಹೊರಗೂ ಅನೇಕರು ಆಡಿದರು. ಕನ್ನಡಿಗರಿಗೆ ಎರಡು ರಾಜ್ಯಗಳಿದ್ದರೇನು ತಪ್ಪು ಎಂದು ಕೇಳಿದವರೂ ಉಂಟು. ಇದರ ಅಡಿಯಲ್ಲಿ ಬಾಯಿಬಿಟ್ಟು ಹೇಳದ ಇನ್ನೊಂದು ಭಯವೂ ಇತ್ತು: ಹೊಸ ರಾಜ್ಯದಲ್ಲಿ ಜಾತಿಗಳ ಬಲಾಬಲ ಬದಲಾಗುತ್ತದೆ, ಒಕ್ಕಲಿಗ ಸಮುದಾಯಕ್ಕೆ ಹಳೆಯ ಮೈಸೂರಿನಲ್ಲಿದ್ದ ಪ್ರಾಬಲ್ಯ ಉಳಿಯುವುದಿಲ್ಲ ಎಂಬುದು.

ಈ ಭಯವನ್ನು ಸಂಕುಚಿತ ಮನೋಭಾವ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದು ಹುಸಿಯಾಗಿರಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. 1956ರಲ್ಲಿ ಕಡಿದಾಳ್ ಮಂಜಪ್ಪನವರು ಅಧಿಕಾರ ಬಿಟ್ಟ ಮೇಲೆ ಆ ಸಮುದಾಯದವರೊಬ್ಬರು ಮತ್ತೆ ಮುಖ್ಯಮಂತ್ರಿಗಳಾದದ್ದು 1994ರಲ್ಲಿ, 38 ವರ್ಷಗಳ ಬಳಿಕ. ಕಳೆದುಕೊಳ್ಳುವುದು ಏನೆಂಬುದು ತಿಳಿದಿದ್ದವರ ನಡುವೆಯೇ ಹನುಮಂತಯ್ಯನವರು ಏಕೀಕರಣದ ಪರವಾಗಿ ನಿಂತರು. ಸ್ವಪಕ್ಷದ, ಸ್ವಪ್ರದೇಶದ ಮಿತ್ರರ ಅಸಮಾಧಾನವನ್ನು ಕಟ್ಟಿಕೊಂಡು ಸಭೆಯಲ್ಲಿ ಅದನ್ನು ಸಮರ್ಥಿಸಿದರು. ಭೂಮಿಯ ಪ್ರಶ್ನೆಯಲ್ಲಿ ಅವರ ಸರ್ಕಾರವನ್ನು ವಿರೋಧಿಸುತ್ತಿದ್ದ ಗೋಪಾಲಗೌಡರೂ ಈ ಪ್ರಶ್ನೆಯಲ್ಲಿ ಏಕೀಕರಣದ ಪರವಾಗಿಯೇ ಇದ್ದರು. ಸಂವಿಧಾನದ ಪ್ರಕಾರ ಇಂಥ ವಿಷಯದಲ್ಲಿ ರಾಜ್ಯದ ಸಭೆ ಅಭಿಪ್ರಾಯ ಹೇಳಬಹುದೇ ಹೊರತು ತೀರ್ಮಾನ ಸಂಸತ್ತಿನದು. ಆದರೂ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎನ್ನಲಾಗದು. ಒಲ್ಲದ ಮನೆಗೆ ಸೊಸೆಯನ್ನು ಕಳುಹಿಸುವುದಕ್ಕೂ ಕರೆಯುವವರಿರುವ ಮನೆಗೆ ಕಳುಹಿಸುವುದಕ್ಕೂ ವ್ಯತ್ಯಾಸವಿದೆಯಷ್ಟೆ.

1956ರ ಆಗಸ್ಟಿನಲ್ಲಿ ಪಕ್ಷದೊಳಗಿನ ಅವಿಶ್ವಾಸದಿಂದ ಹನುಮಂತಯ್ಯನವರು ಸ್ಥಾನ ಬಿಡಬೇಕಾಯಿತು. ಅದಕ್ಕೆ ಕಾರಣಗಳು ಹಲವು. ಏಕೀಕರಣವೊಂದೇ ಎನ್ನುವುದು ಅತಿಸರಳವಾದೀತು. ಎರಡೂವರೆ ತಿಂಗಳ ಕಾಲ ಕಡಿದಾಳ್ ಮಂಜಪ್ಪನವರು ಮುಖ್ಯಮಂತ್ರಿಗಳಾಗಿದ್ದು, ಹೊಸ ರಾಜ್ಯ ಹುಟ್ಟುವ ಹಿಂದಿನ ದಿನ ನಿರ್ಗಮಿಸಿದರು. ನವೆಂಬರ್ 1ರಂದು ಎಸ್. ನಿಜಲಿಂಗಪ್ಪನವರು ಅಧಿಕಾರ ವಹಿಸಿಕೊಂಡರು. ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು.

ಡಿಸೆಂಬರ್ 19ರಂದು ಹೊಸ ಸಭೆ ಹೊಸ ವಿಧಾನಸೌಧದಲ್ಲಿ ಸೇರಿತು. ಮುಂಬಯಿ ಪ್ರಾಂತದ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು: ಇಷ್ಟು ಕಡೆಯ ಪ್ರತಿನಿಧಿಗಳು ಒಂದೇ ಸೂರಿನಡಿ ಕುಳಿತರು. ಆಗಿನ ವಿಂಗಡಣೆಯಲ್ಲಿ ‘ಎ’ ವರ್ಗದ ರಾಜ್ಯದವರು, ‘ಬಿ’ ವರ್ಗದವರು, ‘ಸಿ’ ವರ್ಗದವರು ಎಂಬ ಭೇದ ಅಳಿದು ಎಲ್ಲರೂ ಸಮಾನರಾದರು. ಸಭಾಧ್ಯಕ್ಷರಾಗಿ ಆಯ್ಕೆಯಾದವರು ಮುಂಬಯಿ ವಿಧಾನಸಭೆಯಲ್ಲಿ ಹುನಗುಂದವನ್ನು ಪ್ರತಿನಿಧಿಸಿದ್ದ ಎಸ್. ಆರ್. ಕಂಠಿಯವರು. ಬಂದವರ ಕೈಗೆ ಮನೆಯ ಹಿರಿತನವನ್ನು ಕೊಟ್ಟದ್ದು ಔಚಿತ್ಯವುಳ್ಳ ನಡೆ. 99 ಜನರ ರಾಜ್ಯದಲ್ಲಿ ಅಷ್ಟು ದೊಡ್ಡ ಕಟ್ಟಡವೇಕೆ ಎಂದು ಹನುಮಂತಯ್ಯನವರನ್ನು ಆಕ್ಷೇಪಿಸಿದವರು ಕಡಮೆಯಿರಲಿಲ್ಲ. ಆ ಸೌಧ ತುಂಬಿದ ದಿನ ಅದನ್ನು ಕಟ್ಟಿಸಿದವರು ಮುಖ್ಯಮಂತ್ರಿಯ ಆಸನದಲ್ಲಿರಲಿಲ್ಲ.

ಭಾಷೆಯ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಸೆಳೆಯುವುದು ಆ ಸಭೆಯಲ್ಲಿ ಸೇರಿದ ಕನ್ನಡಗಳು. ಮೈಸೂರಿನವರ ‘ಅಮಲ್ದಾರ’ ಧಾರವಾಡದವರಿಗೆ ‘ಮಾಮಲೇದಾರ’, ಕಲಬುರ್ಗಿಯವರಿಗೆ ‘ತಹಸೀಲ್ದಾರ’, ಕೊಡಗಿನವರಿಗೆ ‘ಸುಬೇದಾರ’. ಹಳ್ಳಿಯ ಲೆಕ್ಕ ಬರೆಯುವವನು ಒಂದೆಡೆ ಶಾನುಭೋಗ, ಒಂದೆಡೆ ಕುಲಕರ್ಣಿ ಅಥವಾ ತಲಾಠಿ, ಮತ್ತೊಂದೆಡೆ ಪಟವಾರಿ. ಇವು ಬರಿಯ ಪದಭೇದಗಳಲ್ಲ. ಒಂದೊಂದು ಪದದ ಹಿಂದೆ ಒಂದೊಂದು ಕಂದಾಯದ ಕಾನೂನು, ಒಂದೊಂದು ಕಚೇರಿಯ ರೂಢಿ, ಒಂದೊಂದು ಆಳುವ ಭಾಷೆ ಇತ್ತು. ಹೈದರಾಬಾದಿನ ಕನ್ನಡಿಗನಿಗೆ ಸರ್ಕಾರವೆಂದರೆ ಉರ್ದು. ಮುಂಬಯಿ ಕರ್ನಾಟಕದವನಿಗೆ ಮರಾಠಿಯ ಒತ್ತಡ. 1948ರ ಮುಂಬಯಿ ಗೇಣಿ ಶಾಸನ, 1950ರ ಹೈದರಾಬಾದ್ ಗೇಣಿ ಶಾಸನ, 1952ರ ಮೈಸೂರು ಗೇಣಿ ಶಾಸನ ಒಂದೇ ರಾಜ್ಯದ ಬೇರೆ ಬೇರೆ ಜಿಲ್ಲೆಗಳಲ್ಲಿ ನಡೆಯುತ್ತಿದ್ದುವು. ಇವನ್ನೆಲ್ಲ ಒಂದುಗೂಡಿಸಲೆಂದೇ ಬಿ. ಡಿ. ಜತ್ತಿಯವರ ಸಮಿತಿ ರಚನೆಯಾಯಿತು. ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಶಾಸನ ಸಿದ್ಧವಾದದ್ದು 1964ರಲ್ಲಿ. ಭೂಪಟದ ಗೆರೆಯನ್ನು ಒಂದು ದಿನದಲ್ಲಿ ಅಳಿಸಬಹುದು. ರೂಢಿಯ ಗೆರೆ ಅಳಿಯಲು ಒಂದು ತಲೆಮಾರು ಬೇಕು.

ಹಿಗ್ಗಿದ ಆ ಸಭೆಯ ಆಯುಸ್ಸು ಕೆಲವೇ ತಿಂಗಳದು. 1957ರಲ್ಲಿ 208 ಸ್ಥಾನಗಳಿಗೆ ಚುನಾವಣೆ ನಡೆಯಿತು. 1967ರಲ್ಲಿ ಅದು 216, 1978ರಲ್ಲಿ 224 ಆಯಿತು. ಆಯೋಗ ಸೂಚಿಸಿದ್ದ ‘ಕರ್ನಾಟಕ’ ಎಂಬ ಹೆಸರು ಸಿಕ್ಕಿದ್ದು 1973ರಲ್ಲಿ. ಕಾಸರಗೋಡು ಬರಲೇ ಇಲ್ಲ. ಬೆಳಗಾವಿಯ ಬಗೆಗೆ ಎದ್ದ ತಕರಾರು ಮುಗಿಯಲೇ ಇಲ್ಲ.

ಕೊನೆಯದಾಗಿ ಒಂದು ಮಾತು. ಹಳೆಯ ಮೈಸೂರು ತನ್ನ ಬಹುಮತವನ್ನು ಬಿಟ್ಟುಕೊಟ್ಟಿತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಆದರೆ ಕರೆದು ಕೂರಿಸಿದ ಮಾತ್ರಕ್ಕೆ ಆತಿಥ್ಯ ಮುಗಿಯುವುದಿಲ್ಲ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಅವಕಾಶ ಕಲ್ಪಿಸಲು 2012ರಲ್ಲಿ ಸಂಸತ್ತು ಸಂವಿಧಾನಕ್ಕೇ ತಿದ್ದುಪಡಿಯನ್ನು ಅಂಗೀಕರಿಸಬೇಕಾಯಿತು. ಅದೇ ವರ್ಷ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಇಷ್ಟು ವರ್ಷಗಳ ಬಳಿಕವೂ ಇಂಥ ಏರ್ಪಾಡುಗಳು ಬೇಕಾದುವೆಂದರೆ, 1956ರಲ್ಲಿ ಬಂದವರಿಗೆ ಮನೆ ಇನ್ನೂ ಪೂರ್ತಿ ತಮ್ಮದೆನಿಸಿರಲಿಲ್ಲ ಎಂದೇ ಅರ್ಥ. ‘ಕವಿರಾಜಮಾರ್ಗ’ದ ಕಾಲದಿಂದಲೂ ನಾಡಿನ ಎಲ್ಲೆಗಳನ್ನು ಹಾಡುವುದರಲ್ಲಿ ನಾವು ಹಿಂದುಳಿದವರಲ್ಲ. ಎಲ್ಲೆಯ ಒಳಗೆ ಎಲ್ಲರಿಗೂ ಸಮನಾಗಿ ಬಡಿಸುವ ಕೆಲಸ ಮಾತ್ರ ಹಾಡಿನಿಂದ ಆಗುವಂಥದಲ್ಲ. ಅದು ಆಯವ್ಯಯದ ಚರ್ಚೆಯಲ್ಲಿ, ಪ್ರಶ್ನೋತ್ತರದ ವೇಳೆಯಲ್ಲಿ, ಮಸೂದೆಯ ಒಂದೊಂದು ಕಲಮಿನ ಮೇಲೆ ನಡೆಯಬೇಕಾದದ್ದು. ಮೊದಲ ವಿಧಾನಸಭೆ ಬಾಗಿಲು ತೆರೆಯಿತು. ಉಳಿದ ಕೆಲಸ ಅದರ ಅನಂತರ ಬಂದ ಸಭೆಗಳದು, ಅವುಗಳನ್ನು ಆರಿಸಿ ಕಳುಹಿಸುವ ನಮ್ಮದು.