ತಟ್ಟೆ ಎಣಿಸಿದ ಹುಡುಗ



ಕೋಲಾರ ಜಿಲ್ಲೆಯ ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಅನೇಕ ಮನೆಗಳಲ್ಲಿ ತಾಯಿಯು ತೊಟ್ಟಿಲನ್ನು ತೆಲುಗಿನಲ್ಲಿ ತೂಗುವಳು. ಅದೇ ಕೂಸು ಶಾಲೆಯ ಹೊಸ್ತಿಲು ದಾಟಿದೊಡನೆ ಕನ್ನಡಕ್ಕೆ ಕಿವಿಗೊಡಬೇಕಾಗುವುದು. ಮೇಷ್ಟ್ರು ಪುಸ್ತಕ ತೆಗೆಯೆಂದಾಗ, ಪಕ್ಕದವನು ತೆಗೆದುದನ್ನು ನೋಡಿಯೇ ತಾನೂ ತೆಗೆಯುವ ಹುಡುಗನನ್ನು ನಾವು ಮೊಂಡನೆಂದು ಕರೆದುಬಿಡುವುದುಂಟು. ಅವನಿಗೆ ಭಾಷೆ ತಿಳಿಯದಿರಬಹುದು, ಕಿವಿಯೇ ಮಂದವಾಗಿರಲೂಬಹುದು. ಎರಡಕ್ಕೂ ಬೆತ್ತವು ಔಷಧವಲ್ಲ. ಮನೆಮಾತು ಬೇರೆಯಾದರೆ ಕನ್ನಡ ಒಲಿಯದೆಂದೇನೂ ಇಲ್ಲ. ಮನೆಯಲ್ಲಿ ತಮಿಳಾಡುತ್ತಿದ್ದ ಮಾಲೂರು ಸೀಮೆಯ ಮಾಸ್ತಿಯವರೇ ಅಲ್ಲವೆ, ಕನ್ನಡಕ್ಕೆ 1983ರ ಜ್ಞಾನಪೀಠವನ್ನು ತಂದವರು!

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಅಂಗವೈಕಲ್ಯವುಳ್ಳ ಮಕ್ಕಳೂ ಉಳಿದವರೊಡನೆ ಕುಳಿತು ಕಲಿಯುವ ಏರ್ಪಾಟನ್ನು ವಿಧಿಸಿತು. ಬೆತ್ತವನ್ನು ಕಸಿದದ್ದು ಸರಿ. ಬರಿದಾದ ಆ ಕೈ ಏನನ್ನು ಹಿಡಿಯಬೇಕೆಂಬುದು ಮಾತ್ರ ಉಪಾಧ್ಯಾಯರ ವಿವೇಕಕ್ಕೆ ಉಳಿಯಿತು.

ಮುಳಬಾಗಿಲಿನ ಕಡೆಯ ಒಂದು ಹಳ್ಳಿಶಾಲೆಯಲ್ಲಿ ನಾನು ಕಂಡ ಉಪಾಧ್ಯಾಯಿನಿಯೊಬ್ಬರು, ದಿನವೂ ಜಗಳ ತೆಗೆಯುತ್ತಿದ್ದ ಬಾಲಕನೊಬ್ಬನನ್ನು ಹಿಂದಿನ ಗೋಡೆಯಿಂದ ಮುಂದಿನ ಸಾಲಿಗೆ ಕರೆದು, ತಮ್ಮ ತುಟಿ ಅವನಿಗೆ ಕಾಣುವಂತೆ ನಿಂತು ಪಾಠ ಹೇಳಿ, ಮಧ್ಯಾಹ್ನ ಬಿಸಿಯೂಟದ ತಟ್ಟೆಗಳನ್ನು ಎಣಿಸಿಡುವ ಅಧಿಕಾರವನ್ನು ಅವನಿಗೇ ವಹಿಸಿದ್ದರು. ಅಧಿಕಾರವೆಂದೇ ಹೇಳಬೇಕು, ಅವನ ನಡಿಗೆಯಲ್ಲಿಯೇ ಅದು ತಿಳಿಯುತ್ತಿತ್ತು. ಎಣಿಕೆ ತಪ್ಪಿದಾಗ ಆಕೆ ಗದರಲಿಲ್ಲ. "ಮಳ್ಳೀ ಲೆಕ್ಕಪೆಟ್ಟು ನಾಯನಾ" ಎಂದು, ಮತ್ತೆ ಎಣಿಸಪ್ಪಾ ಎಂಬ ಮಾತನ್ನು ತೆಲುಗಿನಲ್ಲಿಯೇ ನುಡಿದರು. ಅವನು ಬೆರಳೊತ್ತಿ ಒಂದೊಂದನ್ನೂ ಮುಟ್ಟುತ್ತ ಮೊದಲಿನಿಂದ ಎಣಿಸಿದನು.

ತಟ್ಟೆಗಳು 31 ಇದ್ದವು. ಈ ಸಲ ಹುಡುಗನ ಲೆಕ್ಕವೂ ಅಷ್ಟೇ ಬಂದಿತು.