ರಿಪೋರ್ಟ್ ನಾರ್ಮಲ್ ಬಂದರೂ ಹೊಟ್ಟೆ ನೋಯುತ್ತದೆ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಮಾಡಿದ ಭಾಷಣ)

ಮಾನ್ಯ ದಾನಿಗಳೆ, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಮಕ್ಕಳನ್ನು ಕರೆದುಕೊಂಡು ಬಂದಿರುವ ತಾಯಿ-ತಂದೆಯರೆ,

ಜಮಾ-ಖರ್ಚು ವರದಿಯಲ್ಲಿ ಅಚ್ಚಾಗಿದೆ, ಇಲ್ಲಿ ಓದುವುದಿಲ್ಲ. ನಮ್ಮಿಂದಾದ ಒಂದು ತಪ್ಪನ್ನು ಹೇಳಬೇಕಾಗಿದೆ.

ಲಕ್ಷ್ಮೇಶ್ವರ ಕಡೆಯ ಒಬ್ಬ ಡಿಗ್ರಿ ವಿದ್ಯಾರ್ಥಿನಿಯ ಹಾಜರಾತಿ ಕಡಿಮೆಯಾಯಿತೆಂದು ಅವಳ ಎರಡನೇ ಕಂತನ್ನು ತಡೆಹಿಡಿದೆವು. ಕಾರಣ ಕೇಳಲಿಲ್ಲ. ಅವಳ ತಂದೆ ಕಚೇರಿಗೆ ಬಂದರು, ಹಣ ಕೇಳಲಿಕ್ಕಲ್ಲ. "ಕಾಲೇಜು ಬಿಡಸ್ತೀವ್ರಿ. ದಿನಾ ಹೊಟ್ಟಿ ಕಡಿತೈತಿ ಅಂತಾಳ, ಡಾಕ್ಟರ್ ನೋಡಿದ್ರ ಏನೂ ಇಲ್ಲ ಅಂತಾರ" ಎಂದರು. ಆಗ ವಿಚಾರಿಸಿದೆವು. ಗದಗಿಗೆ ಬರುವ ಬೆಳಗಿನ ಬಸ್ಸಿನಲ್ಲಿ ನಡುದಾರಿಗೇ ಶೌಚಕ್ಕೆ ಅವಸರವಾದೀತೆಂಬ ಭಯಕ್ಕೆ ಹುಡುಗಿ ಚಹಾ ಕೂಡ ಕುಡಿಯದೆ ಮನೆ ಬಿಡುತ್ತಿದ್ದಳು. ಪರೀಕ್ಷೆ ಸಮೀಪಿಸಿದಂತೆ ಬಸ್ಸು ಹತ್ತುವುದನ್ನೇ ಬಿಟ್ಟಳು. ಮನೆಯವರು ಬಟ್ಟಿ ಸರಿದಿದೆ ಎಂದು ಹೊಟ್ಟೆ ತಿಕ್ಕಿಸಿದರು, ದೃಷ್ಟಿ ತೆಗೆದರು, ಕಡೆಗೆ ನೆವ ಅಂದರು. ಕಂತು ತಡೆದ ನಾವೂ ಅದನ್ನೇ ಅಂದಂತಾಯಿತು. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ.

ವೈದ್ಯರು ಹೇಳಿದ ಹೆಸರು ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್. ತಿಂಗಳುಗಟ್ಟಲೆ ಮರುಕಳಿಸುವ ಹೊಟ್ಟೆನೋವು, ಜೊತೆಗೆ ಬೇಧಿ ಇಲ್ಲವೇ ಮಲಬದ್ಧತೆ, ಕೆಲವರಿಗೆ ಎರಡೂ. ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ. 'ಏನೂ ಇಲ್ಲ' ಎಂದರೆ ಹುಣ್ಣಿಲ್ಲ, ಗಡ್ಡೆಯಿಲ್ಲ ಎಂದಷ್ಟೇ ಅರ್ಥ. ನೋವು ಇದ್ದೇ ಇರುತ್ತದೆ. ಕರುಳಿಗೆ ತನ್ನದೇ ನರಗಳ ಜಾಲವಿದೆ, ಅದಕ್ಕೂ ಮಿದುಳಿಗೂ ಸದಾ ಸುದ್ದಿ ಓಡಾಡುತ್ತಿರುತ್ತದೆ. ಚಿಂತೆ ಹೆಚ್ಚಿದರೆ ಕರುಳಿನ ಚಲನೆ ಏರುಪೇರಾಗುತ್ತದೆ, ಸಾಮಾನ್ಯ ಗ್ಯಾಸೂ ನೋವಾಗಿ ತಟ್ಟುತ್ತದೆ. ಆ ನೋವು ಮತ್ತೆ ಚಿಂತೆ ತರುತ್ತದೆ. ಇದು ಕ್ಯಾನ್ಸರಿಗೆ ತಿರುಗುವುದಿಲ್ಲ. ಆದರೆ ಮಲದಲ್ಲಿ ರಕ್ತ, ತೂಕ ಇಳಿಯುವುದು, ಜ್ವರ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಬೇಧಿ ಇದ್ದರೆ ಐಬಿಎಸ್ ಎಂದು ನೀವೇ ತೀರ್ಮಾನಿಸಬೇಡಿ, ತಪಾಸಣೆ ಮಾಡಿಸಿ.

ಹೊತ್ತಿಗೆ ಸರಿಯಾಗಿ ಊಟ, ವೈದ್ಯರು ಹೇಳಿದರೆ ಸಾಕಷ್ಟು ನೀರಿನೊಂದಿಗೆ ಇಸಬ್ಗೋಲ್, ಬೇಕಾದಷ್ಟು ಔಷಧಿ. ಕೆಲವರಿಗೆ ಉಳ್ಳಾಗಡ್ಡಿ, ಗೋಧಿ, ಹಾಲು ಆಗುವುದಿಲ್ಲ. ಜೋಳದ ರೊಟ್ಟಿ ಒಗ್ಗುತ್ತದೆ. ಗದಗಿನಲ್ಲಿ ನಿಂತು ಮಿರ್ಚಿ-ಭಜಿ ಕಡಿಮೆ ಮಾಡಿ ಎಂದು ಹೇಳುವುದು ಕಷ್ಟ, ಆದರೂ ಇಫ್ತಾರಿನ ಹೊತ್ತಿಗೆ ಖಾಲಿ ಹೊಟ್ಟೆಗೆ ಅದು ಬೇಡ. ಇಂಥ ಮಕ್ಕಳು ರಂಜಾನಿಗೆ ಮೊದಲೇ ವೈದ್ಯರನ್ನು ಕಂಡು ಬರಲಿ.

ಆಪ್ತಸಮಾಲೋಚನೆಯೂ ಈ ಕಾಯಿಲೆಗೆ ಔಷಧಿಯೇ. "ಮನಸ್ಸಿನ ಡಾಕ್ಟರ ಕಡೆ ಹೋದರೆ ನಾಳೆ ಸಂಬಂಧ ಹೇಗೆ ಕೂಡುತ್ತದೆ?" ಎಂದು ಅವಳ ತಾಯಿ ಕೇಳಿದರು. ಅವರ ಭಯ ಸುಳ್ಳಲ್ಲ, ನಮ್ಮ ಮೊಹಲ್ಲಾಗಳಲ್ಲಿ ಮಾತು ಬೇಗ ಹಬ್ಬುತ್ತದೆ. ಅದಕ್ಕೇ ಫೋನಿನಿಂದ ಶುರು ಮಾಡಿಸಿದೆವು: ಸರ್ಕಾರದ ಟೆಲಿ ಮಾನಸ್, 14416. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ನೇರವಾಗಿ ಕಾಣಬೇಕೆಂದರೆ ಗದಗಿನ ಜಿಮ್ಸ್ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ.

ಹಾಜರಾತಿ ಇಲ್ಲದವರಿಗೆ ಹಣವೇಕೆ ಎಂದು ದಾನಿಗಳು ಕೇಳಬಹುದು. ಕೇಳುವ ಹಕ್ಕು ನಿಮ್ಮದು. ಇನ್ನು ಮುಂದೆ ಕಂತು ತಡೆಯುವ ಮೊದಲು ಮನೆಗೆ ಫೋನ್ ಮಾಡುತ್ತೇವೆ. ವೈದ್ಯರ ಚೀಟಿ ತಂದರೆ ಒಂದು ಸೆಮಿಸ್ಟರ್ ಕಾಯುತ್ತೇವೆ. ಕಾಯಿಲೆಯ ಹೆಸರು ಬರೆಸಬೇಕಾಗಿಲ್ಲ. ಹೆಣ್ಣುಮಕ್ಕಳೊಂದಿಗೆ ಸಮಿತಿಯ ಮಹಿಳಾ ಸದಸ್ಯರೇ ಮಾತಾಡುತ್ತಾರೆ.

ಆ ಹುಡುಗಿಯ ಕಂತು ಸಂದಾಯವಾಗಿದೆ. ಎರಡು ಪೇಪರ್ ಬಾಕಿ ಇವೆ, ಈ ಸಲ ಕಟ್ಟಿದ್ದಾಳೆ. ನೋವು ಪೂರ್ತಿ ಹೋಗಿಲ್ಲ, ಬಸ್ಸು ಹತ್ತುತ್ತಿದ್ದಾಳೆ.