ದೇವರನ್ನಲ್ಲ, ಗುಮಾಸ್ತನನ್ನು ಆರಿಸೋಣ

(ಗಂಗಾವತಿಯಲ್ಲಿ ಅಕ್ಕಿ ಗಿರಣಿ ಕಾರ್ಮಿಕರ ಹಾಗೂ ಅಂಗಡಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಎಲ್ಲಿ ಹೋದರೂ ಜನರದು ಒಂದೇ ಮಾತು: "ಮಾಸ್ತರ, ನಿಂತಾವ್ರೆಲ್ಲ ಅಷ್ಟಕ್ಕಷ್ಟ. ಯಾರಿಗೆ ಓಟು ಹಾಕೂದ್ರಿ? ಈ ಸಲ ಮನ್ಯಾಗ ಕುಂದರತೀವಿ." ಈ ಮಾತಿಗೆ ಇಂದು ಉತ್ತರ ಹೇಳಬೇಕಾಗಿದೆ.

ಮೊದಲು ಹಣದ ಲೆಕ್ಕ. ಸರ್ಕಾರ ನಡೆಯುವುದು ಶ್ರೀಮಂತರ ತೆರಿಗೆಯಿಂದ ಮಾತ್ರ ಎಂದು ನಂಬಬೇಡಿ. 25 ಕಿಲೋ ಮೀರದ ಚೀಲದಲ್ಲಿ ಚೀಟಿ ಅಂಟಿಸಿ ಮಾರುವ ಅಕ್ಕಿಗೂ 2022ರ ಜುಲೈ 18ರಿಂದ ಶೇಕಡ 5 ತೆರಿಗೆ ಬಿದ್ದಿದೆ. ಗಿರಣಿಯಲ್ಲಿ ಮೂಟೆ ಹೊತ್ತ ಹಮಾಲನೇ ಅಂಗಡಿಯಲ್ಲಿ ಆ ಅಕ್ಕಿ ಕೊಂಡು ಖಜಾನೆ ತುಂಬುತ್ತಾನೆ. ಲೆಕ್ಕ ಕೇಳುವ ಹಕ್ಕು ಅವನದು.

ಆ ಹಣ ಎಲ್ಲಿಗೆ ಹೋಗುತ್ತದೆ? 2012ರ ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧದ ಉದ್ಘಾಟನೆಯಾಯಿತು. ವೆಚ್ಚ ಸುಮಾರು 400 ಕೋಟಿ ರೂಪಾಯಿ. ಅಧಿವೇಶನ ವರ್ಷಕ್ಕೆ ಹತ್ತು ದಿನದ ಆಸುಪಾಸು. ಉತ್ತರ ಕರ್ನಾಟಕಕ್ಕೆ ಗೌರವ ಬೇಡವೆಂದು ನಾನು ಹೇಳುವುದಿಲ್ಲ. ಆದರೆ 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಹರಿದು ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂಡಿಸುವವರೆಗೆ ಸುಮಾರು ಒಂದು ವಾರ ನೀರು ಹರಿದುಹೋಯಿತು. ನೀರಿಲ್ಲದೆ ಭತ್ತವಿಲ್ಲ, ಭತ್ತವಿಲ್ಲದೆ ಗಿರಣಿಯಿಲ್ಲ, ಗಿರಣಿ ನಿಂತರೆ ಅಂಗಡಿಯ ಉದ್ರಿ ವಸೂಲಾಗದು. ಸೌಧ ಕಟ್ಟಿದರೆ ಕಲ್ಲಿನಲ್ಲಿ ಹೆಸರು ಉಳಿಯುತ್ತದೆ; ಹಳೆಯ ಸರಪಳಿ ದುರಸ್ತಿ ಮಾಡಿಸಿದವನಿಗೆ ಯಾರೂ ಹಾರ ಹಾಕುವುದಿಲ್ಲ. ದುಂದುವೆಚ್ಚದ ಬೇರು ಇಲ್ಲಿದೆ.

ಇದನ್ನು ಪ್ರಶ್ನಿಸಲು ಸಭೆಯಲ್ಲಿ ಒಬ್ಬನಾದರೂ ಬೇಕು. 1963ರ ಆಗಸ್ಟಿನಲ್ಲಿ ಡಾ. ಲೋಹಿಯಾ ಲೋಕಸಭೆಯಲ್ಲಿ ಲೆಕ್ಕವಿಟ್ಟರು: ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚು, 27 ಕೋಟಿ ಜನರ ಬದುಕು ದಿನಕ್ಕೆ ಮೂರಾಣೆ. ಮೂರಲ್ಲ, ಹದಿನೈದಾಣೆ ಎಂದು ನೆಹರೂ ಉತ್ತರಿಸಿದರು. ಅಂತೂ ಬಡವನ ಆಣೆಯನ್ನು ಪಾರ್ಲಿಮೆಂಟು ಎಣಿಸಬೇಕಾಯಿತು. ಅದೇ ವರ್ಷ ಫರೂಕಾಬಾದಿನ ಉಪಚುನಾವಣೆಯಲ್ಲಿ ಅವರನ್ನು ಗೆಲ್ಲಿಸಿದವರೆಲ್ಲ ಸಮಾಜವಾದಿಗಳಲ್ಲ. ಜನಸಂಘದ ಬೆಂಬಲವೂ ಇತ್ತು. ನೂರಕ್ಕೆ ನೂರು ನಮ್ಮವನೇ ಬರಲಿ ಎಂದು ಅವರು ಮನೆಯಲ್ಲಿ ಕುಳಿತಿದ್ದರೆ ಆ ಪ್ರಶ್ನೆ ಏಳುತ್ತಿರಲಿಲ್ಲ.

2013ರಿಂದ ನೋಟಾ ಗುಂಡಿ ಬಂದಿದೆ. ಅದು ಸಿಟ್ಟನ್ನು ತೋರಿಸುತ್ತದೆ, ನಿಜ. ಆದರೆ ವಿಧಾನಸಭೆ, ಲೋಕಸಭೆಗಳ ಚುನಾವಣೆಯಲ್ಲಿ ಅದಕ್ಕೆ ಎಷ್ಟೇ ಮತ ಬೀಳಲಿ, ಉಮೇದುವಾರರಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆ.

ಅಂಗಡಿಕಾರರೇ, ಗುಮಾಸ್ತನನ್ನು ಇಡುವಾಗ ನೀವು ಸಂತನನ್ನು ಹುಡುಕುತ್ತೀರಾ? ಇದ್ದವರಲ್ಲಿ ವಾಸಿಯಾದವನನ್ನು ಇಟ್ಟುಕೊಂಡು ದಿನಾ ಸಂಜೆ ಕಿರ್ದಿ ನೋಡುತ್ತೀರಿ. ಶಾಸಕನೂ ನಮ್ಮ ಗುಮಾಸ್ತನೇ. ಓಟು ಕೇಳಲು ಬಂದವನಿಗೆ ಮೂರು ಪ್ರಶ್ನೆ ಹಾಕಿರಿ. ಪ್ರಮಾಣಪತ್ರದಲ್ಲಿ ಬರೆದುಕೊಟ್ಟ ಆಸ್ತಿ, ಮೊಕದ್ದಮೆಗಳೆಷ್ಟು? ಕಾಲುವೆ, ಶಾಲೆ, ದವಾಖಾನೆಗಳ ದುರಸ್ತಿಗೆ ಏನು ಮಾಡುವಿರಿ? ಗೆದ್ದ ಮೇಲೆ ಆರು ತಿಂಗಳಿಗೊಮ್ಮೆ ಇದೇ ಕಟ್ಟೆಗೆ ಬಂದು ಖರ್ಚಿನ ಲೆಕ್ಕ ಓದುವಿರಾ? ಉತ್ತರ ಕೊಡದವನನ್ನು ಕೈಬಿಡಿ. ಉಳಿದವರಲ್ಲಿ ಕಡಿಮೆ ಕೆಟ್ಟವನನ್ನು ಆರಿಸಿರಿ. ಅದರಲ್ಲಿ ನಾಚಿಕೆಯೇನಿಲ್ಲ. ನಮ್ಮ ಪಕ್ಷದ ಉಮೇದುವಾರನಿಗೂ ಇದೇ ಪರೀಕ್ಷೆ. ಅವನು ಸೋತರೆ ತಪ್ಪು ನಿಮ್ಮದಲ್ಲ, ನಮ್ಮದು.

ಆದರೆ ಓಟು ಹಾಕಿ ಮಲಗಬೇಡಿ. 2005ರ ಮಾಹಿತಿ ಹಕ್ಕಿನ ಕಾಯಿದೆಯಿದೆ. ಹತ್ತು ರೂಪಾಯಿಯ ಅರ್ಜಿಗೆ ಸರ್ಕಾರಿ ಕಚೇರಿ ಉತ್ತರ ಕೊಡಬೇಕು. ಒಬ್ಬನೇ ಕೇಳಿದರೆ ಅಲೆದಾಡಿಸುತ್ತಾರೆ. ಸಂಘ ಕಟ್ಟಿ ಕೇಳೋಣ. ಬೆರಳಿನ ಶಾಯಿ ಅಳಿಯುವ ಮೊದಲೇ ಲೆಕ್ಕ ಕೇಳಲು ಆರಂಭಿಸೋಣ.